ಟರ್ಕಿ ಕೋಳಿ ಟರ್ಕಿಯದ್ದಲ್ಲ, ಹಾಗಾದ್ರೆ ಆ ಹೆಸರು ಎಲ್ಲಿಂದ ಬಂತು?

ಟರ್ಕಿ ಕೋಳಿ ಟರ್ಕಿ ದೇಶದ ಹಕ್ಕಿಯಲ್ಲ, ಅಮೆರಿಕದ್ದು. ಇಷ್ಟು ಬಹಳ ಜನರಿಗೆ ಗೊತ್ತಿರುತ್ತದೆ. ಆದರೆ ಟರ್ಕಿಯ ಜನ ಇದನ್ನು ಏನಂತ ಕರೆಯುತ್ತಾರೆ ಅಂತ ಕೇಳಿ ನೋಡಿ, ಮಜಾ ಅಲ್ಲಿಂದ ಶುರುವಾಗುತ್ತದೆ. ಅವರ ಭಾಷೆಯಲ್ಲಿ ಇದರ ಹೆಸರು ‘ಹಿಂದಿ’. ಅಂದರೆ ಹಿಂದೂಸ್ತಾನದ್ದು, ನಮ್ಮ ಕಡೆಯದ್ದು! ಇಂಗ್ಲಿಷಿನವರು ಟರ್ಕಿಯ ಕಡೆ ಕೈ ತೋರಿಸಿದರೆ ಟರ್ಕಿಯವರು ನಮ್ಮ ಕಡೆ ತೋರಿಸುತ್ತಾರೆ. ಸರಿ, ನಮ್ಮ ಕಡೆ ಏನಂತಾರೆ? ಹಿಂದಿ ಭಾಷೆಯಲ್ಲಿ ಇದಕ್ಕೆ ‘ಪೇರೂ’ ಅನ್ನುವ ಹೆಸರಿದೆ. ಪೋರ್ಚುಗೀಸರು ಬಿಟ್ಟುಹೋದ ಮಾತು ಅದು, ದಕ್ಷಿಣ ಅಮೆರಿಕದ ಪೆರು ದೇಶದ ಹೆಸರು. ಪೆರುವಿಗೆ ಹೋದರೂ ಮುಗಿಯುವುದಿಲ್ಲ, ಯಾಕೆಂದರೆ ಈ ಹಕ್ಕಿ ಮೂಲತಃ ಅಲ್ಲಿಯದೂ ಅಲ್ಲ. ಅಲ್ಲಿನವರು ಇದನ್ನು ‘ಪಾವೊ’ ಅನ್ನುತ್ತಾರೆ. ಆ ಮಾತಿನ ಹಳೆಯ ಅರ್ಥ ನವಿಲು.

ಇವೆಲ್ಲ ಬರೀ ತಪ್ಪು ಹೆಸರುಗಳು ಅಂತ ನಕ್ಕು ಸುಮ್ಮನಾಗಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಹೆಸರುಗಳನ್ನು ಹಕ್ಕಿಯ ಹುಟ್ಟೂರಿನ ವಿಳಾಸ ಅಂತ ಓದಿದರೆ ಎಲ್ಲವೂ ತಪ್ಪೇ. ಆದರೆ ಹಕ್ಕಿ ಯಾರ ಕೈಯಿಂದ ತಮ್ಮ ಊರಿಗೆ ಬಂತು, ಅಥವಾ ಯಾರಿಂದ ಬಂತು ಅಂತ ಜನ ನಂಬಿದ್ದರು, ಅದನ್ನು ಹೇಳುವ ಹೆಸರುಗಳು ಅಂತ ಓದಿದರೆ 500 ವರ್ಷಗಳ ಹಿಂದಿನ ವ್ಯಾಪಾರದ ದಾರಿಗಳು ಒಂದೊಂದಾಗಿ ಕಾಣಿಸುತ್ತವೆ.

ಮೊದಲು ಹುಟ್ಟೂರಿನ ಮಾತು ಮುಗಿಸಿಬಿಡೋಣ. ಟರ್ಕಿ ಕೋಳಿಯಲ್ಲಿ ಈಗ ಎರಡು ಜಾತಿಗಳಿವೆ. ಒಂದು ಉತ್ತರ ಅಮೆರಿಕದ ಕಾಡುಗಳದ್ದು, ಮೆಕ್ಸಿಕೊದವರೆಗೂ ಹರಡಿದೆ. ಇನ್ನೊಂದು ಮೆಕ್ಸಿಕೊದ ಯುಕಟಾನ್ ಭಾಗ, ಗ್ವಾಟೆಮಾಲಾ ಮತ್ತು ಬೆಲೀಜ್‌ನಲ್ಲಿ ಮಾತ್ರ ಸಿಗುತ್ತದೆ. ಅದರ ಬಾಲದ ಗರಿಯಲ್ಲಿ ನವಿಲುಗಣ್ಣಿನಂಥ ಚುಕ್ಕೆಗಳಿರುತ್ತವೆ. ನಾವು ನೋಡುವ ಸಾಕು ಟರ್ಕಿ ಮೊದಲನೇ ಜಾತಿಯದು. ಇದನ್ನು ಮೆಕ್ಸಿಕೊ ಕಡೆಯ ಜನ ಸುಮಾರು 2000 ವರ್ಷಗಳ ಹಿಂದೆಯೇ ಸಾಕಿ ಪಳಗಿಸಿದ್ದರು. ಅಜ್ಟೆಕ್ ಜನರ ನಹುವಾಟ್ಲ್ ಭಾಷೆಯಲ್ಲಿ ಗಂಡಿಗೆ ‘ವೆಶೊಲೊಟ್ಲ್’, ಹೆಣ್ಣಿಗೆ ‘ತೊತೊಲಿನ್’ ಅಂತ ಬೇರೆ ಬೇರೆ ಹೆಸರಿತ್ತು. ಸ್ಪೇನಿನವರ ಬಾಯಲ್ಲಿ ವೆಶೊಲೊಟ್ಲ್ ಸವೆದು ‘ಗ್ವಾಹೊಲೋತೆ’ ಆಯಿತು. ಮೆಕ್ಸಿಕೊದಲ್ಲಿ ಇವತ್ತಿಗೂ ಜನ ಹಾಗೇ ಅನ್ನುತ್ತಾರೆ. ಹಕ್ಕಿಯನ್ನು ಸಾಕಿದವರೇ ಇಟ್ಟ ಹೆಸರು ಇದು, ಆದರೆ ಮೆಕ್ಸಿಕೊ ಸುತ್ತಮುತ್ತ ಬಿಟ್ಟು ಆಚೆ ಹೋಗಲೇ ಇಲ್ಲ. ಹಕ್ಕಿ ಹಡಗು ಹತ್ತಿತು, ಹೆಸರು ದಡದಲ್ಲೇ ಉಳಿಯಿತು.

1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್‌ನ ಪಡೆ ಮೆಕ್ಸಿಕೊಕ್ಕೆ ಇಳಿಯಿತು. ಅದೇ ಕಾಲದ ಆಸುಪಾಸಿನಲ್ಲಿ ಸ್ಪೇನಿನವರು ಈ ಹಕ್ಕಿಯನ್ನು ತಮ್ಮ ದೇಶಕ್ಕೆ ಒಯ್ದರು. ಗಂಡು ಗರಿ ಕೆದರಿ ಬಾಲ ಬಿಚ್ಚಿ ನಿಂತಿದ್ದನ್ನು ನೋಡಿ ಅವರಿಗೆ ನೆನಪಾಗಿದ್ದು ನವಿಲು. ಹಾಗಾಗಿ ನವಿಲಿನ ಹೆಸರನ್ನೇ ಕೊಟ್ಟರು: ಪಾವೊ. ಆಮೇಲೆ ಏನಾಯಿತು ನೋಡಿ. ಹೊಸ ಹಕ್ಕಿ ಮನೆಮನೆಯಲ್ಲೂ ಬೆಳೆಯಿತು, ನವಿಲು ಅಪರೂಪವಾಗಿಯೇ ಉಳಿಯಿತು, ‘ಪಾವೊ’ ಅಂದರೆ ಜನರ ಮನಸ್ಸಿಗೆ ಮೊದಲು ಬರುವುದು ಟರ್ಕಿಯೇ ಆಯಿತು. ಕೊನೆಗೆ ನವಿಲೇ ಹೆಸರು ಬದಲಾಯಿಸಿಕೊಳ್ಳಬೇಕಾಯಿತು. ಈಗ ಸ್ಪ್ಯಾನಿಷ್‌ನಲ್ಲಿ ನವಿಲಿಗೆ ‘ಪಾವೊ ರೆಯಾಲ್’ ಅನ್ನುತ್ತಾರೆ, ಅಂದರೆ ರಾಜ ಪಾವೊ. ಆಮೇಲೆ ಬಂದವನು ಹೆಸರು ಹೊಡೆದುಕೊಂಡ, ಮೊದಲಿನಿಂದ ಇದ್ದವನಿಗೆ ಬರೀ ಬಿರುದು ಸಿಕ್ಕಿತು.

ಈಗ ಇಂಗ್ಲಿಷಿನ ಕಥೆ. ಇಲ್ಲಿ ಇನ್ನೊಂದು ಹಕ್ಕಿ ಬರುತ್ತದೆ, ಸ್ವಲ್ಪ ತಾಳ್ಮೆ ಬೇಕು. ಅದು ಗಿನಿ ಕೋಳಿ. ಬೂದು ಮೈ ತುಂಬಾ ಬಿಳಿ ಚುಕ್ಕೆ, ತಲೆ ಬೋಳು, ಹುಟ್ಟೂರು ಆಫ್ರಿಕಾ. ಹಳೆಯ ಗ್ರೀಕರಿಗೂ ರೋಮನ್ನರಿಗೂ ಇದರ ಪರಿಚಯ ಚೆನ್ನಾಗಿಯೇ ಇತ್ತು. 16ನೇ ಶತಮಾನದಲ್ಲಿ ಇದು ಇಂಗ್ಲೆಂಡಿಗೆ ಬಂದಾಗ ತಂದವರು ಮೆಡಿಟರೇನಿಯನ್ನಿನ ಪೂರ್ವ ದಡದ ವ್ಯಾಪಾರಿಗಳು. ಆ ದಡ ಆಗ ಆಟೊಮನ್ ತುರ್ಕರ ಕೈಯಲ್ಲಿತ್ತು, 1517ರಲ್ಲಿ ಈಜಿಪ್ಟ್ ಕೂಡ ಅವರ ವಶವಾಗಿತ್ತು. ಇಂಗ್ಲಿಷ್ ಜನರ ಲೆಕ್ಕದಲ್ಲಿ ಆ ದಿಕ್ಕಿನಿಂದ ಬಂದಿದ್ದೆಲ್ಲ ಟರ್ಕಿಯದ್ದೇ. ಗಿನಿ ಕೋಳಿ ‘ಟರ್ಕಿ ಕಾಕ್’ ಆಯಿತು, ಅಂದರೆ ಟರ್ಕಿಯ ಹುಂಜ.

ಸುಮಾರು ಅದೇ ಹೊತ್ತಿಗೆ ಅಮೆರಿಕದ ಹಕ್ಕಿಯೂ ಬಂತು. ಅದಕ್ಕೂ ತಲೆ ಬೋಳು, ಅದೂ ಕೋಳಿಗಿಂತ ದೊಡ್ಡದು, ಅದೂ ಎಲ್ಲಿಂದಲೋ ಬಂದ ವಿಚಿತ್ರ. ಎರಡಕ್ಕೂ ಒಂದೇ ಹೆಸರು ಅಂಟಿತು. ‘ಟರ್ಕಿ ಕಾಕ್’ ಅನ್ನುವ ಮಾತು ಇಂಗ್ಲಿಷ್ ಬರಹದಲ್ಲಿ 1540ರ ದಶಕದಿಂದ ಸಿಗುತ್ತದೆ, ಆದರೆ ಆ ಕಾಲದ ಕಾಗದಗಳಲ್ಲಿ ಅದನ್ನು ಕಂಡಾಗ ಎರಡರಲ್ಲಿ ಯಾವ ಹಕ್ಕಿ ಅಂತ ಎಷ್ಟೋ ಸಲ ಹೇಳಲಿಕ್ಕೇ ಆಗುವುದಿಲ್ಲ. ಮುಂದೆ ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯಿಂದ ಪೋರ್ಚುಗೀಸರು ಚುಕ್ಕೆ ಕೋಳಿಗಳನ್ನು ತರತೊಡಗಿದರು. ಅದಕ್ಕೆ ಗಿನಿ ಅನ್ನುವ ಹೊಸ ಹೆಸರು ಗಟ್ಟಿಯಾಯಿತು. ಟರ್ಕಿ ಅನ್ನುವ ಹೆಸರು ಅಮೆರಿಕದ ಹಕ್ಕಿಯ ಹತ್ತಿರವೇ ಉಳಿದುಹೋಯಿತು. ಅಂದರೆ ಇದು ಎರಡನೇ ಕೈಯ ಹೆಸರು, ಮೊದಲು ಬೇರೆಯವರದ್ದಾಗಿತ್ತು.

ಇದರ ಬಗ್ಗೆ ಇನ್ನೊಂದು ವಾದವೂ ಇದೆ. ಗಿನಿ ಕೋಳಿಯ ಗೊಂದಲ ಅಷ್ಟು ಮುಖ್ಯವಲ್ಲ, ಅಮೆರಿಕದ ಹಕ್ಕಿಯೇ ಸ್ಪೇನಿನಿಂದ ಪೂರ್ವಕ್ಕೆ ಹೋಗಿ, ತುರ್ಕರ ನಾಡಿನ ಸಂತೆಗಳನ್ನು ದಾಟಿ ಇಂಗ್ಲೆಂಡಿಗೆ ಬಂದಿತ್ತು ಅನ್ನುವುದು ಆ ವಾದ. ಎರಡೂ ಒಟ್ಟಿಗೆ ನಿಜವಾಗಿರಬಹುದು, ಅಲ್ವಾ? ಆದರೂ ಗಿನಿ ಕೋಳಿಯ ಕಡೆ ಸಾಕ್ಷಿ ಜಾಸ್ತಿ ಅಂತ ನನ್ನ ಲೆಕ್ಕ. ಯಾಕೆ ಅಂತ ವೈಜ್ಞಾನಿಕ ಹೆಸರಿನ ಹತ್ತಿರ ಬಂದಾಗ ಹೇಳುತ್ತೇನೆ.

ಕನ್ನಡದವರಿಗೆ ಈ ‘ಟರ್ಕಿ’ಯನ್ನು ಅರ್ಥ ಮಾಡಿಸಲು ಕಷ್ಟಪಡಬೇಕಿಲ್ಲ, ನಮ್ಮಲ್ಲಿ ‘ಸೀಮೆ’ ಇದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಯಾವ ಸೀಮೆ ಅಂತ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದಿದ್ದು, ಅಷ್ಟೇ. ಪರಂಗಿ ಹಣ್ಣಿನದೂ ಅದೇ ಕಥೆ. ಫಿರಂಗಿಯವರ ಕೈಯಿಂದ ಬಂದಿದ್ದಕ್ಕೆ ಪರಂಗಿ, ಆದರೆ ಹಣ್ಣಿನ ಮೂಲ ಯುರೋಪಲ್ಲ, ಅಮೆರಿಕ. ಆಗಿನ ಇಂಗ್ಲಿಷಿನಲ್ಲಿ ‘ಟರ್ಕಿ’ ಹೆಚ್ಚುಕಡಿಮೆ ನಮ್ಮ ‘ಸೀಮೆ’ಯ ಕೆಲಸ ಮಾಡುತ್ತಿತ್ತು.

ಇದು ಈ ಹಕ್ಕಿಗೆ ಮಾತ್ರ ಆದದ್ದಲ್ಲ ಅನ್ನುವುದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಮೆಕ್ಕೆಜೋಳ. ಅದೂ ಅಮೆರಿಕದ್ದೇ, ಅದೇ ಕಾಲದಲ್ಲೇ ಹಡಗು ಹತ್ತಿದ್ದು. ಇಟಲಿಯವರು ಅದನ್ನು ‘ಗ್ರಾನ್‌ತುರ್ಕೊ’ ಅಂದರು, ತುರ್ಕರ ಕಾಳು ಅಂತ. ತುರ್ಕರು ಅದನ್ನು ‘ಮಿಸಿರ್’ ಅಂದರು. ಅವರ ಭಾಷೆಯಲ್ಲಿ ಮಿಸಿರ್ ಅಂದರೆ ಈಜಿಪ್ಟ್ ದೇಶ. ಈಜಿಪ್ಟಿನವರು ಅದನ್ನು ‘ಶಾಮಿ’ ಜೋಳ ಅಂದರು, ಶಾಮ್ ಅಂದರೆ ಸಿರಿಯಾ ಕಡೆ. ಹಕ್ಕಿಗಾದದ್ದೇ ಕಾಳಿಗೂ ಆಗಿದೆ. ಪ್ರತಿಯೊಬ್ಬರೂ ತಮಗಿಂತ ಹಿಂದಿನ ಸಂತೆಯ ಹೆಸರು ಹೇಳಿದ್ದಾರೆ, ಅದರಾಚೆಗೆ ಏನಿತ್ತು ಅಂತ ಅವರಿಗೆ ಕಂಡಿಲ್ಲ.

ಇನ್ನು ಭಾರತದ ಹೆಸರು ಹೇಗೆ ಬಂತು? 1492ರಲ್ಲಿ ಕೊಲಂಬಸ್ ಅಮೆರಿಕದ ದ್ವೀಪಗಳನ್ನು ತಲುಪಿದಾಗ ತಾನು ಏಷ್ಯಾ ಸೇರಿದೆ ಅಂತಲೇ ನಂಬಿದ್ದ. ಸ್ಪೇನಿನವರು ಆ ಹೊಸ ನಾಡನ್ನು ‘ಇಂಡಿಯಾಸ್’ ಅಂತ ಕರೆಯುತ್ತಲೇ ಹೋದರು. ಹೀಗಾಗಿ ಫ್ರಾನ್ಸಿನಲ್ಲಿ ಈ ಹಕ್ಕಿ ‘ಪೂಲ್ ದ್ಯಾಂದ್’ ಆಯಿತು, ಇಂಡಿಯಾದ ಕೋಳಿ. ಮುಂದೆ ಕೋಳಿ ಅನ್ನುವ ಭಾಗ ಉದುರಿ ಬರೀ ‘ದ್ಯಾಂದ್’ ಉಳಿಯಿತು. ರಷ್ಯನ್ ಭಾಷೆಯ ‘ಇಂದೇಯ್ಕ’, ಪೋಲಿಷ್‌ನ ‘ಇಂದಿಕ್’ ಇದೇ ಬಳಗದವು. ಹೀಬ್ರೂವಿನಲ್ಲಿ ‘ತರ್ನೆಗೋಲ್ ಹೋದು’, ಅಂದರೆ ಭಾರತದ ಹುಂಜ. ತಮಾಷೆ ಏನೆಂದರೆ ಮೊದಲು ‘ಇಂಡಿಯಾದ ಕೋಳಿ’ ಅಂದವರು ಒಂದು ರೀತಿಯಲ್ಲಿ ಸರಿಯಾಗಿಯೇ ಹೇಳಿದ್ದರು. ಅವರ ಇಂಡಿಯಾ ಅಂದರೆ ಅಮೆರಿಕ. ಆಮೇಲೆ ಜನ ಆ ಇಂಡಿಯಾವನ್ನು ಮರೆತು, ಈ ಇಂಡಿಯಾ ಅಂದುಕೊಂಡರು.

ಡಚ್ಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಡಿಯಾ ಅಂದರೆ ಸಾಲದು, ಊರು ಯಾವುದು ಅಂತಲೂ ಹೇಳಿಬಿಟ್ಟರು! ಅವರ ‘ಕಾಲ್ಕೂನ್’ ಬಂದಿರುವುದು ‘ಕಲ್ಲಿಕೋಟೆಯ ಕೋಳಿ’ ಅನ್ನುವ ಹಳೆಯ ಮಾತಿನಿಂದ. ಹೌದು, ಕೇರಳದ ಕಲ್ಲಿಕೋಟೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಬಂದು ಇಳಿದ ಮೇಲೆ ಆ ಬಂದರಿನ ಹೆಸರು ಯುರೋಪಿನಲ್ಲಿ ಎಷ್ಟು ಹಬ್ಬಿತ್ತೆಂದರೆ ದೂರದ ಪೂರ್ವದ ಸರಕಿಗೆಲ್ಲ ಅದೇ ಗುರುತು. ಕ್ಯಾಲಿಕೊ ಬಟ್ಟೆಯ ಹೆಸರೂ ಅಲ್ಲಿಂದಲೇ ಹೋದದ್ದು. ಬಟ್ಟೆ ನಿಜವಾಗಿ ಆ ಕಡೆಯದು, ಕೋಳಿ ಅಲ್ಲ. ಡಚ್ ಮತ್ತು ಜರ್ಮನ್ ವ್ಯಾಪಾರಿಗಳ ಜೊತೆ ಕಲ್ಲಿಕೋಟೆಯ ಹೆಸರು ಉತ್ತರಕ್ಕೆ ಹೊರಟಿತು. ಡ್ಯಾನಿಶ್ ಮತ್ತು ನಾರ್ವೆ ಭಾಷೆಗಳಲ್ಲಿ ‘ಕಲ್ಕುನ್’, ಸ್ವೀಡಿಷ್‌ನಲ್ಲಿ ‘ಕಲ್ಕೂನ್’, ಫಿನ್ನಿಶ್‌ನಲ್ಲಿ ‘ಕಲ್ಕ್ಕುನ’, ಲಿಥುವೇನಿಯನ್‌ನಲ್ಲಿ ‘ಕಲಕುತಸ್’. ಕಲ್ಲಿಕೋಟೆಯನ್ನು ಕಂಡೇ ಇರದ ಉತ್ತರದ ರೈತರು ತಮ್ಮ ಅಂಗಳದಲ್ಲಿ ದಿನಾ ಅದರ ಹೆಸರು ಕೂಗುತ್ತಿದ್ದರು. ಆ ಹೆಸರು ಡಚ್ಚರ ಹಡಗಿನಲ್ಲೇ ಮತ್ತೆ ಈ ಕಡೆಗೂ ಬಂತು. ಇಂಡೊನೇಷ್ಯಾದಲ್ಲಿ ‘ಕಲ್ಕುನ್’ ಆಯಿತು, ಶ್ರೀಲಂಕಾದ ಸಿಂಹಳದಲ್ಲಿ ‘ಕಳುಕುಮ್’ ಆಯಿತು. ಕಲ್ಲಿಕೋಟೆಯ ಹೆಸರು ಯುರೋಪ್ ಸುತ್ತಿ ಕಲ್ಲಿಕೋಟೆಯ ಪಕ್ಕದ ದ್ವೀಪಕ್ಕೆ ಬಂದು ಕೂತಿತು, ಅದೂ ಅಮೆರಿಕದ ಹಕ್ಕಿಯ ಮೇಲೆ.

ಈ ಭಾರತದ ನಂಟು ನೋಡಿಯೇ ಇರಬೇಕು, ಒಂದು ಸುಳ್ಳು ಕಥೆ ಆಗಾಗ ತಲೆ ಎತ್ತುತ್ತದೆ. ಕಥೆ ಹೀಗಿದೆ. ಹೀಬ್ರೂ ಬೈಬಲ್ಲಿನಲ್ಲಿ ಸೊಲೊಮನ್ ರಾಜನಿಗೆ ಹಡಗುಗಳು ಚಿನ್ನ, ಬೆಳ್ಳಿ, ದಂತ, ಕೋತಿಗಳ ಜೊತೆ ‘ತುಕ್ಕಿ’ಗಳನ್ನು ತರುತ್ತವೆ. ತುಕ್ಕಿ ಅಂದರೆ ನವಿಲು ಅಂತ ಅರ್ಥ ಮಾಡುತ್ತಾರೆ. ಕೊಲಂಬಸ್‌ನ ಜೊತೆ ಲೂಯಿಸ್ ದೆ ತೊರೆಸ್ ಅಂತ ಒಬ್ಬ ದುಭಾಷಿ ಇದ್ದ, ಹೀಬ್ರೂ ಬಲ್ಲವನು. ಅವನು ಅಮೆರಿಕದ ಹಕ್ಕಿಯನ್ನು ಕಂಡು ‘ತುಕ್ಕಿ’ ಅಂದ, ಅದೇ ‘ಟರ್ಕಿ’ ಆಯಿತು ಅಂತ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ತುಕ್ಕಿ ಅನ್ನುವ ಮಾತು ತಮಿಳಿನ ‘ತೋಕೈ’ಯಿಂದ ಹೋಗಿರಬೇಕು ಅನ್ನುವುದು ತುಂಬಾ ವಿದ್ವಾಂಸರು ಒಪ್ಪುವ ಊಹೆ. ನಮ್ಮ ‘ತೋಕೆ’ಯೂ ಅದೇ ಮಾತು, ಬಾಲ ಅಂತ ಅರ್ಥ. ಕೇಳಲಿಕ್ಕೆ ಖುಷಿಯಾಗುತ್ತದೆ, ಆದರೆ ಅಲ್ಲಿಂದ ‘ಟರ್ಕಿ’ಗೆ ದಾರಿಯೇ ಇಲ್ಲ.

ದಾರಿ ಇದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ಹೆಸರಿನ ಮೂಲ ಹುಡುಕುವಾಗ ಎರಡು ಮಾತುಗಳು ಒಂದೇ ಥರ ಕೇಳಿಸುತ್ತವೆ ಅನ್ನುವುದಕ್ಕೆ ಬೆಲೆ ತುಂಬಾ ಕಡಿಮೆ. ಪ್ರಪಂಚದ ಸಾವಿರಾರು ಭಾಷೆಗಳಲ್ಲಿ ಹುಡುಕಿದರೆ ಯಾವ ಮಾತಿಗೂ ಒಂದು ಜೋಡಿ ಸಿಕ್ಕೇ ಸಿಗುತ್ತದೆ. ಬದಲಿಗೆ ಯಾರು, ಎಲ್ಲಿ, ಯಾವಾಗ ಅಂತ ಕೇಳಬೇಕು. ತೊರೆಸ್ ಹೋದದ್ದು ಬಹಾಮಾಸ್, ಕ್ಯೂಬಾ, ಹಿಸ್ಪಾನಿಯೋಲಾ ದ್ವೀಪಗಳಿಗೆ. ಆ ದ್ವೀಪಗಳಲ್ಲಿ ಕಾಡು ಟರ್ಕಿ ಇರಲೇ ಇಲ್ಲ. ಕೊಲಂಬಸ್ ವಾಪಸು ಹೊರಟಾಗ ತೊರೆಸ್ ಅಲ್ಲೇ ಉಳಿದ, ಅಲ್ಲೇ ಸತ್ತ. ಕಾಣದ ಹಕ್ಕಿಗೆ ಹೆಸರಿಟ್ಟ ಅಂತಲೇ ಇಟ್ಟುಕೊಳ್ಳೋಣ, ಆ ಹೆಸರು ಮೊದಲು ಸ್ಪ್ಯಾನಿಷ್‌ನಲ್ಲಿ ಕಾಣಬೇಕಲ್ಲ? ಸ್ಪೇನಿನವರು ಯಾವತ್ತೂ ಇದನ್ನು ಟರ್ಕಿ ಅಂದಿಲ್ಲ. ಅಷ್ಟಾದ ಮೇಲೆ ಸುಮಾರು 50 ವರ್ಷ ಬಿಟ್ಟು ಇಂಗ್ಲೆಂಡಿನಲ್ಲಿ, ‘ಟರ್ಕಿ ಕಾಕ್’ ಅನ್ನುವ ರೂಪದಲ್ಲಿ, ದೇಶದ ಹೆಸರಿನ ಹಾಗೆಯೇ ಬರೆದು, ಅದು ಕಾಣಿಸಿಕೊಳ್ಳುತ್ತದೆ. ಹಕ್ಕಿ ‘ಟರ್ಕ್ ಟರ್ಕ್’ ಅಂತ ಕೂಗುವುದರಿಂದ ಆ ಹೆಸರು ಬಂತು ಅನ್ನುವ ಕಥೆಯೂ ಇದೇ ಥರದ್ದು. ಅದನ್ನು ಬಿಡಿ.

ಈಗ ಆಗಲೇ ಹೇಳಿದ ವೈಜ್ಞಾನಿಕ ಹೆಸರು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಈ ಹಕ್ಕಿಗೆ ಇಟ್ಟ ಹೆಸರು ‘ಮೆಲಿಯಾಗ್ರಿಸ್ ಗ್ಯಾಲೊಪಾವೊ’. ಬಿಡಿಸಿ ನೋಡೋಣ. ಗ್ಯಾಲಸ್ ಅಂದರೆ ಲ್ಯಾಟಿನ್‌ನಲ್ಲಿ ಹುಂಜ, ಪಾವೊ ನವಿಲು. ಮೆಲಿಯಾಗ್ರಿಸ್? ಹಳೆಯ ಗ್ರೀಕಿನಲ್ಲಿ ಅದು ಗಿನಿ ಕೋಳಿಯ ಹೆಸರು! ಗ್ರೀಕ್ ಪುರಾಣದಲ್ಲಿ ಮೆಲಿಯಾಗರ್ ಅನ್ನುವ ವೀರ ಸತ್ತಾಗ ಅವನ ತಂಗಿಯರು ಅತ್ತು ಅತ್ತು ಹಕ್ಕಿಗಳಾದರು, ಅವರ ಕಣ್ಣೀರ ಹನಿಗಳೇ ಗರಿಯ ಮೇಲಿನ ಬಿಳಿ ಚುಕ್ಕೆಗಳಾದವು ಅಂತ ಕಥೆ. ಟರ್ಕಿಗೆ ಅಂಥ ಚುಕ್ಕೆಗಳೇ ಇಲ್ಲ. ಅಂದರೆ ಪೂರ್ತಿ ಹೆಸರಿನ ಅರ್ಥ ‘ಗಿನಿ ಕೋಳಿ ಹುಂಜ ನವಿಲು’. ಮೂರು ಹಕ್ಕಿಗಳಿವೆ, ಮೂರರಲ್ಲಿ ಒಂದೂ ಟರ್ಕಿ ಅಲ್ಲ. ಗಿನಿ ಕೋಳಿಗೂ ಅವನು ಮೆಲಿಯಾಗ್ರಿಸ್ ಅನ್ನುವ ಮಾತನ್ನೇ ಜಾತಿಯ ಹೆಸರಾಗಿ ಕೊಟ್ಟ, ಈಗಿನ ‘ನ್ಯೂಮಿಡಾ ಮೆಲಿಯಾಗ್ರಿಸ್’ನಲ್ಲಿ ಅದು ಇನ್ನೂ ಇದೆ. ಇಂಗ್ಲಿಷಿನ ಸಂತೆಯಲ್ಲಿ ಕಲಸಿಹೋದ ಎರಡು ಹಕ್ಕಿಗಳು ವಿಜ್ಞಾನದ ಪಟ್ಟಿಯಲ್ಲೂ ಒಂದೇ ಮಾತನ್ನು ಹಂಚಿಕೊಂಡು ಕೂತಿವೆ ಅಂದರೆ, ಈ ಗೊಂದಲ ಎಷ್ಟು ಆಳವಾಗಿತ್ತು ಅಂತ ಗೊತ್ತಾಗುತ್ತದೆ. ಅದಕ್ಕೇ ನಾನು ಗಿನಿ ಕೋಳಿಯ ಪಕ್ಷ. ಇದನ್ನು ಈಗ ತಿದ್ದುವಂತೆಯೂ ಇಲ್ಲ. ಹೆಸರಿನ ಅರ್ಥ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಪ್ರಾಣಿಯ ವೈಜ್ಞಾನಿಕ ಹೆಸರನ್ನು ಬದಲಾಯಿಸಲು ನಿಯಮ ಬಿಡುವುದಿಲ್ಲ.

ಎಲ್ಲರೂ ಊರಿನ ಹೆಸರನ್ನೇ ಹಿಡಿದುಕೊಂಡರು ಅಂತಲ್ಲ. ಕೆಲವರು ಹಕ್ಕಿಯನ್ನೇ ದಿಟ್ಟಿಸಿ ನೋಡಿದರು, ನನಗೆ ಇಷ್ಟವಾಗುವುದು ಅವರ ಹೆಸರುಗಳು. ಗಂಡು ಟರ್ಕಿಯ ಬೋಳು ತಲೆ, ಕತ್ತು ಬಣ್ಣ ಬದಲಾಯಿಸುತ್ತದೆ: ಕೆಂಪು, ಬಿಳಿ, ನೀಲಿ. ಚರ್ಮದಡಿಯ ರಕ್ತನಾಳಗಳು ಹಿಗ್ಗಿ ಕುಗ್ಗಿದಾಗ ನಡುವೆ ಇರುವ ಕೊಲಾಜೆನ್ ಅನ್ನುವ ಪ್ರೋಟೀನಿನ ಎಳೆಗಳ ಅಂತರ ಬದಲಾಗುತ್ತದೆ, ಅದರಿಂದ ಬೆಳಕು ಚದುರುವ ರೀತಿಯೂ ಬದಲಾಗುತ್ತದೆ. ಜಪಾನಿನವರು ಇದನ್ನು ನೋಡಿ ‘ಶಿಚಿಮೆಂಚೊ’ ಅಂದರು, ಏಳು ಮುಖದ ಹಕ್ಕಿ. ಪರ್ಷಿಯನ್ನರು ‘ಬೂಕಲಮೂನ್’ ಅಂದರು. ಹೊತ್ತಿಗೊಂದು ಬಣ್ಣ ತೋರಿಸುವ ಬಟ್ಟೆಗೂ, ಗೋಸುಂಬೆಗೂ ಅವರು ಮೊದಲೇ ಬಳಸುತ್ತಿದ್ದ ಮಾತು ಅದು. ಕೊಕ್ಕಿನ ಮೇಲೆ ಜೋತುಬೀಳುವ ಮಾಂಸದ ತುಂಡನ್ನು ಗಮನಿಸಿದ ಥಾಯ್ ಜನ ‘ಕಾಯ್ ಙುವಾಂಗ್’ ಎಂದು ಕರೆದರು, ಸೊಂಡಿಲಿನ ಕೋಳಿ ಅಂತ. ಚೀನೀಯರಿಗೆ ಇದು ‘ಹುವೊ ಜಿ’, ಬೆಂಕಿ ಕೋಳಿ.

ಹೆಸರೇ ಗೊತ್ತಿಲ್ಲದೆ ಈ ಹಕ್ಕಿಯನ್ನು ಕಂಡವನೊಬ್ಬ ಏನು ಬರೆದ ಅನ್ನುವುದೂ ನಮಗೆ ಸಿಕ್ಕಿದೆ. ಮೊಗಲ್ ದೊರೆ ಜಹಾಂಗೀರ್ 1612ರಲ್ಲಿ ಇದನ್ನು ಮೊದಲ ಸಲ ನೋಡಿದ. ಅವನ ಅಧಿಕಾರಿ ಮುಕರ್ರಬ್ ಖಾನ್ ಗೋವಾದ ಪೋರ್ಚುಗೀಸರ ಹತ್ತಿರ ಹೋಗಿ ಅಪರೂಪದ ವಸ್ತು, ಪ್ರಾಣಿಗಳನ್ನು ಕೊಂಡು ತಂದಿದ್ದ. ತಾನು ಇಂಥವನ್ನು ಕಂಡೇ ಇರಲಿಲ್ಲ, ಹೆಸರೂ ಯಾರಿಗೂ ಗೊತ್ತಿರಲಿಲ್ಲ ಅಂತ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆಮೇಲಿನ ವರ್ಣನೆ ಓದಬೇಕು. ಈ ಹಕ್ಕಿ ಹೆಣ್ಣುನವಿಲಿಗಿಂತ ದೊಡ್ಡದು, ಗಂಡುನವಿಲಿಗಿಂತ ಚಿಕ್ಕದು. ಕುಣಿಯುವಾಗ ನವಿಲಿನಂತೆ ಗರಿ ಹರಡುತ್ತದೆ. ಕಾಲು, ಕೊಕ್ಕು ಹುಂಜದ್ದು. ತಲೆ, ಕತ್ತು ಗೋಸುಂಬೆಯಂತೆ ಒಮ್ಮೆ ಹವಳದ ಕೆಂಪು, ಒಮ್ಮೆ ಹತ್ತಿಯ ಬಿಳುಪು, ಒಮ್ಮೆ ಫಿರೋಜಾ ಕಲ್ಲಿನ ನೀಲಿ. ಕೊಕ್ಕಿನ ಮೇಲಿನ ಮಾಂಸ ಜೋತುಬಿದ್ದರೆ ಆನೆಯ ಸೊಂಡಿಲು, ನೆಟ್ಟಗಾದರೆ ಖಡ್ಗಮೃಗದ ಕೊಂಬು. ಜಪಾನಿನವರು, ಥಾಯ್ ಜನ, ಸ್ಪೇನಿನವರು ಬೇರೆ ಬೇರೆಯಾಗಿ ಹಿಡಿದ ಗುರುತುಗಳೆಲ್ಲ ಒಬ್ಬನ ಬರಹದಲ್ಲೇ ಇವೆ. ಅವನ ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದ ಇದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್‌ನಲ್ಲಿದೆ.

ಉಳಿದ ಹೆಸರುಗಳನ್ನು ಈಗ ನೀವೇ ಓದಬಲ್ಲಿರಿ. ಮಲಯ್ ಭಾಷೆಯಲ್ಲಿ ‘ಆಯಾಮ್ ಬೆಲಾಂದ’, ಡಚ್ಚರ ಕೋಳಿ. ಕಾಂಬೋಡಿಯಾದಲ್ಲಿ ಫ್ರೆಂಚರ ಕೋಳಿ. ವಿಯೆಟ್ನಾಮ್‌ನಲ್ಲಿ ಪಶ್ಚಿಮದ ಕೋಳಿ. ಈಜಿಪ್ಟಿನಲ್ಲಿ ‘ದೀಕ್ ರೂಮಿ’, ರೂಮಿನ ಹುಂಜ. ರೂಮ್ ಅಂದರೆ ಅವರಿಗೆ ಕಾನ್‌ಸ್ಟಾಂಟಿನೋಪಲ್ ಸುತ್ತಲಿನ ರೋಮನ್ನರ ಹಳೆಯ ನಾಡು. ಯಾರ ಹಡಗು ಯಾವ ಬಂದರಿಗೆ ಬಂದಿತ್ತು ಅಂತ ನೋಡಿಕೊಂಡರೆ ಸಾಕು. ಕನ್ನಡದ ‘ಟರ್ಕಿ ಕೋಳಿ’ಯೂ ಇದಕ್ಕೆ ಹೊರತಲ್ಲ. ಪೋರ್ಚುಗೀಸರು ಪಕ್ಕದ ಗೋವಾದಲ್ಲೇ ಇದ್ದರೂ ನಾವು ಅವರ ‘ಪೆರು’ ತೆಗೆದುಕೊಳ್ಳಲಿಲ್ಲ. ನಮಗೆ ಹೆಸರು ಬಂದದ್ದು ಇಂಗ್ಲಿಷಿನವರಿಂದ, ಹಾಗಾಗಿ ಅವರ ಗೊಂದಲವೂ ಜೊತೆಗೇ ಬಂತು.

ಇಂಗ್ಲೆಂಡಿನಲ್ಲಿ ಈ ಹಕ್ಕಿ ಎಷ್ಟು ಬೇಗ ಮನೆಯದ್ದಾಯಿತು ಅನ್ನುವುದಕ್ಕೆ ಶೇಕ್ಸ್‌ಪಿಯರ್ ಸಾಕ್ಷಿ. 1590ರ ದಶಕದಲ್ಲಿ ಅವನು ಬರೆದ ಒಂದು ಚರಿತ್ರೆಯ ನಾಟಕದಲ್ಲಿ ಸರಕು ಸಾಗಿಸುವವನೊಬ್ಬ ತನ್ನ ಬುಟ್ಟಿಯಲ್ಲಿರುವ ಟರ್ಕಿಗಳು ಹಸಿದು ಸಾಯುತ್ತಿವೆ ಅಂತ ಗೊಣಗುತ್ತಾನೆ. ನಾಟಕದ ಕಥೆ ನಡೆಯುವುದು 1400ರ ಮೊದಲ ವರ್ಷಗಳಲ್ಲಿ, ಕೊಲಂಬಸ್ ಹೊರಡುವುದಕ್ಕೂ ಸುಮಾರು 90 ವರ್ಷ ಮೊದಲು! ಆಗಿನ ನೋಡುಗರು ಯಾರೂ ಹುಬ್ಬೇರಿಸಿರಲಿಕ್ಕಿಲ್ಲ. 17ನೇ ಶತಮಾನದಲ್ಲಿ ಉತ್ತರ ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷ್ ಜನ ತಮ್ಮ ಸಾಕು ಟರ್ಕಿಗಳನ್ನು ಹಡಗಿನಲ್ಲಿ ಕೊಂಡೊಯ್ದರು. ಅಲ್ಲಿ ಇಳಿದು ನೋಡಿದರೆ ಕಾಡಿನ ತುಂಬಾ ಅದೇ ಹಕ್ಕಿ. ಅದಕ್ಕೂ ಟರ್ಕಿ ಅಂತಲೇ ಹೆಸರಿಟ್ಟರು. ಸ್ವಂತ ಊರಿನಲ್ಲೇ ಅದು ಪರದೇಶಿಯಾಯಿತು. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮಗಳಿಗೆ ಬರೆದ ಪತ್ರದಲ್ಲಿ, ಅಮೆರಿಕದ ಲಾಂಛನದ ಹದ್ದಿಗಿಂತ ಟರ್ಕಿಯೇ ಮರ್ಯಾದಸ್ಥ ಹಕ್ಕಿ, ಅಮೆರಿಕದ ನಿಜವಾದ ಮೂಲ ನಿವಾಸಿ ಅಂತ ಹೊಗಳಿದ್ದಾನೆ. ಹೊಗಳುವಾಗಲೂ ಬಾಯಲ್ಲಿ ಇನ್ನೊಂದು ದೇಶದ ಹೆಸರೇ.

ಆ ಇನ್ನೊಂದು ದೇಶಕ್ಕೆ ಇದು ಹಿಡಿಸಲಿಲ್ಲ. ಇಂಗ್ಲಿಷಿನಲ್ಲಿ ಟರ್ಕಿ ಅಂದರೆ ಹಕ್ಕಿ ಮಾತ್ರವಲ್ಲ, ದಡ್ಡ ಅಂತಲೂ, ಸೋತು ನೆಲಕಚ್ಚಿದ ಸಿನಿಮಾ, ನಾಟಕ ಅಂತಲೂ ಆಡುಮಾತಿನ ಅರ್ಥಗಳಿವೆ. 2022ರ ಜೂನ್‌ನಲ್ಲಿ ಟರ್ಕಿ ಸರ್ಕಾರ ಕೇಳಿಕೊಂಡ ಮೇಲೆ ವಿಶ್ವಸಂಸ್ಥೆ ತನ್ನ ದಾಖಲೆಗಳಲ್ಲಿ ದೇಶದ ಹೆಸರನ್ನು ‘ತುರ್ಕಿಯೆ’ ಅಂತ ಬದಲಾಯಿಸಿತು. ಹಕ್ಕಿಯ ಹೆಸರಿನ ಜೊತೆ ತಮ್ಮ ಹೆಸರು ಸೇರಿಕೊಂಡಿರುವುದೂ ಅದಕ್ಕೆ ಒಂದು ಕಾರಣ ಅಂತ ಅಲ್ಲಿನ ಸರ್ಕಾರಿ ವಾಹಿನಿಯೇ ಹೇಳಿತ್ತು. ಹಕ್ಕಿ ಇಂಗ್ಲಿಷಿನಲ್ಲಿ ಇನ್ನೂ ಟರ್ಕಿಯೇ, ತುರ್ಕಿಯೆಯಲ್ಲಿ ಇನ್ನೂ ‘ಹಿಂದಿ’ಯೇ. ನಾವಂತೂ ಇದುವರೆಗೆ ಯಾವ ತಕರಾರೂ ಎತ್ತಿಲ್ಲ.